ಹಿನ್ನೀರಿನ ದಂಡೆಯ ಐದು ಪೇಟೆಗಳು: ಹಳೆ ಬಾಗಲಕೋಟೆಯ ಮುಂದಿನ ಮುಳುಗಡೆ

ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಬಿಟ್ಟುಕೊಡಬೇಕಾದ ಭೂಮಿಗೆ ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರ್‌ನಲ್ಲಿ ದರ ಗೊತ್ತುಮಾಡಿತು. ಅಂದಿನಿಂದ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಎಕರೆಯ ಲೆಕ್ಕದಲ್ಲಿಯೇ ಇದೆ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂಬ ದರ ಸಾಕೇ, ಹಣ ಯಾವಾಗ ಬಂದೀತು, ಒಪ್ಪಿಗೆ ಐತೀರ್ಪಿಗೆ, ಅಂದರೆ ಒಪ್ಪಿದ ದರದ ಪರಿಹಾರದ ಆದೇಶಕ್ಕೆ, ಸಹಿ ಹಾಕಬೇಕೇ ಬೇಡವೇ ಎಂಬ ಪ್ರಶ್ನೆಗಳು ಸಹಜವಾದವು. 75 ಸಾವಿರ ಎಕರೆಗೂ ಮಿಗಿಲಾದ ಜಮೀನು, ಅದರಲ್ಲಿ ಬಹುಪಾಲು ನದಿದಂಡೆಯ ಎರೆಭೂಮಿ, ನೀರಿನ ಪಾಲಾಗುವಾಗ ರೈತ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅದೇ ನೀರು ಒಂದು ಪಟ್ಟಣದ ನಡುಭಾಗಕ್ಕೂ ಬರಲಿದೆ. ಘಟಪ್ರಭೆಯ ಮಗ್ಗುಲಲ್ಲಿರುವ ಹಳೆ ಬಾಗಲಕೋಟೆಯ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳಲ್ಲಿ ಮೊದಲ ಮುಳುಗಡೆಯಿಂದ ಉಳಿದುಕೊಂಡ ಓಣಿಗಳು ಈಗ ಎರಡನೆಯ ಸಲ ಮೀಟರಿನ ಲೆಕ್ಕಕ್ಕೆ ಸಿಕ್ಕಿವೆ. ಎಕರೆಗೆ ದರ ಕಟ್ಟಿದಂತೆ ಓಣಿಗೆ ದರ ಕಟ್ಟಲು ಬರುವುದಿಲ್ಲ ಎಂಬುದನ್ನು ಕಳೆದ ಇಪ್ಪತ್ತೈದು ವರ್ಷಗಳ ಬಾಗಲಕೋಟೆ ಸಾಕಷ್ಟು ತೋರಿಸಿದೆ, ಮತ್ತು ಈ ಸಲ ಸರ್ಕಾರ ಆ ಪಾಠದಿಂದ ಶುರುಮಾಡಬೇಕು ಎಂಬುದೇ ನನ್ನ ವಾದ.

ಮೊದಲು ನೀರಿನ ಲೆಕ್ಕವನ್ನು ಸ್ಪಷ್ಟ ಮಾಡಿಕೊಳ್ಳಬೇಕು, ಏಕೆಂದರೆ ಊರೊಳಗೆ ಅದರ ಬಗ್ಗೆ ಇರುವ ಗೊಂದಲವೇ ಅನೇಕ ಜಗಳಗಳಿಗೆ ಕಾರಣವಾಗಿದೆ. 524.256 ಮೀಟರ್ ಎಂದರೆ ಸಮುದ್ರಮಟ್ಟದಿಂದ ಸರಿಯಾಗಿ 1,720 ಅಡಿ. ಈಗಿನ ಮಟ್ಟಕ್ಕೂ ಇದಕ್ಕೂ ಇರುವ ಅಂತರ ಐದು ಮೀಟರಿಗಿಂತ ಕಡಿಮೆ. ಆದರೆ ಈ ಅಂಕಿ ಅಣೆಕಟ್ಟೆಯ ಬಳಿ ನಿಂತ ನೀರಿನದು. ಹರಿಯುವ ನದಿಗೆ ಇಳಿಜಾರು ಬೇಕು. ಮಹಾಪೂರದ ಹೊತ್ತಿನಲ್ಲಿ ಮೇಲಿನಿಂದ ಬರುವ ನೀರು, ತುಂಬಿ ನಿಂತ ಜಲಾಶಯವನ್ನು ತಳ್ಳಿಕೊಂಡು ಮುಂದೆ ಸಾಗಬೇಕಾದಾಗ, ಹಿಂಭಾಗದಲ್ಲಿ ಅಣೆಕಟ್ಟೆಯ ಮಟ್ಟಕ್ಕಿಂತ ಎತ್ತರಕ್ಕೆ ಏರುತ್ತದೆ. ಬಾಗಲಕೋಟೆ ಇರುವುದು ಕೃಷ್ಣೆಯ ಮೇಲಲ್ಲ, ಅದರ ಉಪನದಿಯ ಮೇಲೆ. ಚಿಕ್ಕಸಂಗಮದ ಬಳಿ ಘಟಪ್ರಭೆ ಕೃಷ್ಣೆಯನ್ನು ಕೂಡುವ ಜಾಗದಲ್ಲಿ ಕೃಷ್ಣೆ ತುಂಬಿ ನಿಂತಿದ್ದರೆ ಘಟಪ್ರಭೆಯ ನೀರಿಗೆ ದಾರಿ ಸಿಗದೆ ಅದು ಊರಿನ ಕಡೆಗೆ ಹಿಂದಕ್ಕೆ ಒತ್ತುತ್ತದೆ. ಮೇಲೆ ಹಿಡಕಲ್ ಜಲಾಶಯದಿಂದ ನೀರು ಬಿಟ್ಟ ದಿನವೇ ಹೀಗಾದರೆ ಒತ್ತಡ ಇನ್ನೂ ಹೆಚ್ಚು. ವರ್ಷಗಳು ಕಳೆದಂತೆ ತಳದಲ್ಲಿ ಕೂಡುವ ಹೂಳು ಇದನ್ನು ಮತ್ತಷ್ಟು ಬಿಗಡಾಯಿಸುತ್ತದೆ. ಈ ಕಾರಣದಿಂದಲೇ ಪಟ್ಟಣದಲ್ಲಿ ಸ್ವಾಧೀನದ ಗೆರೆಯನ್ನು ಅಣೆಕಟ್ಟೆಯ ಮಟ್ಟಕ್ಕಿಂತ ಮೇಲೆ ಎಳೆಯಬೇಕಾಗುತ್ತದೆ, ಮತ್ತು ಆ ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದು ಒಂದು ಓಣಿಯ ಎಡ ಸಾಲಿನ ಮನೆಗಳಿಗೂ ಬಲ ಸಾಲಿನ ಮನೆಗಳಿಗೂ ಬೇರೆ ಬೇರೆ ಬದುಕನ್ನು ಕೊಡುತ್ತದೆ.

ಗೆರೆ ಇಷ್ಟು ವರ್ಷ ತೂಗಾಡಿದ್ದಕ್ಕೆ ಕಾರಣ ಬಾಗಲಕೋಟೆಯಲ್ಲಿಲ್ಲ. ಆಲಮಟ್ಟಿ ಅಣೆಕಟ್ಟೆಯನ್ನು ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಅಣೆಕಟ್ಟೆಯ ಎತ್ತರದ ಕುರಿತು ಆಂಧ್ರಪ್ರದೇಶದೊಂದಿಗೆ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2000ದ ಏಪ್ರಿಲ್ 25ರಂದು 519.60 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ 524.256 ಮೀಟರಿಗೆ ಅನುಮತಿ ಕೊಟ್ಟು, 2013ರ ನವೆಂಬರ್‌ನಲ್ಲಿ ತನ್ನ ಮುಂದಿನ ವರದಿಯಲ್ಲಿಯೂ ಅದನ್ನೇ ಉಳಿಸಿತು. ಆದರೆ ಸುಪ್ರೀಂ ಕೋರ್ಟ್ 2011ರಲ್ಲಿ ಕೊಟ್ಟ ಆದೇಶದಿಂದಾಗಿ ಆ ತೀರ್ಪು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾಗಿಲ್ಲ. ಅಂತರರಾಜ್ಯ ನದಿ ವಿವಾದದ ತೀರ್ಪು ರಾಜ್ಯಪತ್ರದಲ್ಲಿ ಪ್ರಕಟವಾಗದೆ ಜಾರಿಗೆ ಬರುವುದಿಲ್ಲ. ನಡುವೆ ತೆಲಂಗಾಣ ಹುಟ್ಟಿತು, ವ್ಯಾಜ್ಯ ಇನ್ನಷ್ಟು ಉದ್ದವಾಯಿತು. ಸಾಂಗ್ಲಿ ಮತ್ತು ಕೊಲ್ಹಾಪುರದ ಪ್ರವಾಹಗಳನ್ನು ಮುಂದಿಟ್ಟು ಮಹಾರಾಷ್ಟ್ರ ಎತ್ತರ ಏರಿಕೆಯನ್ನು ವಿರೋಧಿಸುತ್ತಿದೆ. ನೀರಿನ ಮಟ್ಟ ಏರಿಸುವುದು ಸೇರಿದ ಯೋಜನೆಯ ಮೂರನೆಯ ಹಂತದ ಅಂದಾಜು ವೆಚ್ಚ 2012ರಲ್ಲಿ 17,207 ಕೋಟಿ ರೂಪಾಯಿ ಇದ್ದದ್ದು 2017ರ ಹೊತ್ತಿಗೆ 51,148 ಕೋಟಿಗೆ ಏರಿತು, ಈಗ ಭೂಸ್ವಾಧೀನಕ್ಕೆ ಮಾತ್ರವೇ ಅದಕ್ಕಿಂತ ಹೆಚ್ಚು ಬೇಕೆಂಬ ಸ್ಥಿತಿ ಬಂದಿದೆ. ಈ ಹಂತದಿಂದ 130 ಟಿಎಂಸಿ ನೀರು ಬಳಸಿ ಉತ್ತರ ಕರ್ನಾಟಕದ ಸುಮಾರು 5.94 ಲಕ್ಷ ಹೆಕ್ಟೇರ್ ಭೂಮಿಗೆ ನೀರುಣಿಸುವ ಗುರಿ ಇದೆ. ಆ ನೀರು ವಿಜಯಪುರದ, ಕಲಬುರಗಿ ಕಡೆಯ ಒಣ ಸೀಮೆಗೆ ಎಷ್ಟು ಮುಖ್ಯ ಎಂಬುದರಲ್ಲಿ ಬಾಗಲಕೋಟೆಯವರಿಗೂ ಸಂಶಯವಿಲ್ಲ. ಯೋಜನೆಯೇ ಬೇಡ ಎಂಬ ಕೂಗು ಹಳೆ ಊರಿನಲ್ಲಿ ಬಲವಾಗಿ ಎದ್ದದ್ದು ಕಡಿಮೆ.

ಹಾಗಾದರೆ ಮುಳುಗುತ್ತಿರುವುದು ಏನು?

ಹಳೆ ಬಾಗಲಕೋಟೆ ಹುಟ್ಟಿದ್ದೇ ಪೇಟೆಯಾಗಿ. ವಿಜಯಪುರದ ಆದಿಲ್‌ಶಾಹಿಗಳ ಕೈಯಿಂದ ತಪ್ಪಿ ಮುಂದೆ ಪೇಶ್ವೆಯರ ಕೈಗೆ, ಅಲ್ಲಿಂದ 1818ರಲ್ಲಿ ಬ್ರಿಟಿಷರ ಕೈಗೆ ಬಂದ ಈ ಊರಿನಲ್ಲಿ ಪೇಶ್ವೆಯರ ಕಾಲದಲ್ಲಿ ಟಂಕಸಾಲೆ ಇತ್ತು. ಬಾಗಲಕೋಟೆಯ ರೂಪಾಯಿ ಸುತ್ತಲಿನ ಸೀಮೆಯಲ್ಲಿ ಚಲಾವಣೆಯಲ್ಲಿತ್ತು. ಜಿಲ್ಲೆಯ ಕಚೇರಿ ಕಲಾದಗಿಯಲ್ಲಿದ್ದಾಗಲೂ, ಆಮೇಲೆ ವಿಜಯಪುರಕ್ಕೆ ಹೋದಾಗಲೂ, ವ್ಯಾಪಾರ ಇಲ್ಲಿಯೇ ಉಳಿಯಿತು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಕಮತಗಿಯ ಮಗ್ಗ, ಇವೆಲ್ಲವುಗಳ ನಡುವೆ ಕೂತ ಊರಿಗೆ ನೂಲಿನ, ಬಣ್ಣದ, ಬಟ್ಟೆಯ ವ್ಯವಹಾರ ತಾನಾಗಿ ಒದಗಿತು. ಬೀಳಗಿ, ಹುನಗುಂದ, ಬಾದಾಮಿ ಕಡೆಯ ಜೋಳ, ಕಡಲೆ, ಕುಸುಬೆ, ಶೇಂಗಾ ಅಡತ್ತಿ ಅಂಗಡಿಗಳಿಗೆ ಬಂದು ಬೀಳುತ್ತಿದ್ದವು. ಹಮಾಲರು, ತಕ್ಕಡಿಯವರು, ಚೀಲ ಹೊಲಿಯುವವರು, ಬಂಡಿ ರಿಪೇರಿ ಮಾಡುವ ಬಡಿಗ ಕಮ್ಮಾರರು, ಸರಾಫರು, ಚಹಾದ ಅಂಗಡಿಯವರು, ಇವರೆಲ್ಲರ ಮನೆ ಮತ್ತು ಕೆಲಸ ಒಂದೆರಡು ಫರ್ಲಾಂಗಿನೊಳಗೆ ಇತ್ತು. ಮನೆಯ ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ವಾಸ, ಮೇಲೆ ಮಾಳಿಗೆ, ಹೊರಗೆ ಕಟ್ಟೆ. ಕಲ್ಲು ಮಣ್ಣಿನ ದಪ್ಪ ಗೋಡೆಗಳ ಈ ಮನೆಗಳು ಒಂದರ ಗೋಡೆಗೆ ಇನ್ನೊಂದು ಆತುಕೊಂಡು ನಿಂತಿವೆ. ಬೇಸಿಗೆಯ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಓಣಿಗೆ ನೆರಳು ಸಿಗುವುದು ಈ ಒತ್ತೊತ್ತಿನಿಂದ.

ಈ ಒತ್ತೊತ್ತು ನೆರಳಿಗಿಂತ ದೊಡ್ಡದಾದ ಇನ್ನೊಂದನ್ನೂ ಕೊಟ್ಟಿತ್ತು, ಅದು ಉದ್ರಿ. ಸುಗ್ಗಿಯ ತನಕ ಕಿರಾಣಿ ಸಾಮಾನು ಕೊಡುವ ಅಂಗಡಿಕಾರನಿಗೂ ಒಯ್ಯುವ ಕುಟುಂಬಕ್ಕೂ ನಡುವೆ ಇರುವ ನಂಬಿಕೆ ಕಾಗದದ ಮೇಲೆ ನಿಂತದ್ದಲ್ಲ. ಯಾರ ಮನೆ ಯಾವುದು, ಯಾರ ಹೊಲ ಎಲ್ಲಿ, ಯಾರ ಮಗಳ ಮದುವೆ ಯಾವಾಗ ಎಂಬ ತಿಳಿವಳಿಕೆಯ ಮೇಲೆ ನಿಂತದ್ದು. ನೇಕಾರನಿಗೆ ನೂಲು ಮುಂಗಡ ಕೊಟ್ಟು ಬಟ್ಟೆ ಹಿಂದಕ್ಕೆ ಪಡೆಯುವ ವ್ಯಾಪಾರಿಗೂ ಇದೇ ತಿಳಿವಳಿಕೆಯೇ ಬಂಡವಾಳ. ಜನ ಚದುರಿದಾಗ ಈ ಬಂಡವಾಳ ಮೊದಲು ಕರಗುತ್ತದೆ, ಮತ್ತು ಯಾವ ಪಂಚನಾಮೆಯಲ್ಲಿಯೂ ಅದರ ನಷ್ಟ ದಾಖಲಾಗುವುದಿಲ್ಲ. ಬಾಗಲಕೋಟೆಯ ಪೇಟೆಗೆ ಇದರ ಪೆಟ್ಟು ಎರಡು ಕಡೆಯಿಂದ ಬಿತ್ತು. ಊರೊಳಗಿನ ಗಿರಾಕಿ, ಮುಳುಗಡೆಯಾದವರಿಗಾಗಿ ಕಟ್ಟಿದ ಹೊಸ ಊರಾದ ನವನಗರಕ್ಕೆ ಹೋದ. ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ಹಳ್ಳಿಗಳ ಗಿರಾಕಿ ತನ್ನ ಎರೆಹೊಲ ಕಳೆದುಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋದ, ಅನೇಕರು ದುಡಿಮೆ ಹುಡುಕಿ ಗೋವೆಗೂ ಮಂಗಳೂರಿಗೂ ಹೋದರು. ಅಂಗಡಿ ಮುಳುಗದೆ ಉಳಿದ ವ್ಯಾಪಾರಿಗೆ ಪರಿಹಾರ ಬರಲಿಲ್ಲ, ಆದರೆ ಅವನ ಪೇಟೆ ಅರ್ಧ ಹೋಗಿತ್ತು.

ಐದು ಪೇಟೆಗಳನ್ನು ಒಟ್ಟಿಗೆ ಹಿಡಿದ ಇನ್ನೊಂದು ಕಟ್ಟು ಹೋಳಿಹುಣ್ಣಿಮೆ. ಬಾಗಲಕೋಟೆಯ ಹೋಳಿ ನಾಡಿನಲ್ಲೆಲ್ಲ ಹೆಸರಾದದ್ದು ಬಣ್ಣದ ಪ್ರಮಾಣಕ್ಕಾಗಿ ಎಂದು ಹೊರಗಿನವರು ತಿಳಿಯುತ್ತಾರೆ. ಅದರ ಒಳಗಿನ ಕ್ರಮವನ್ನು ನೋಡಿದರೆ ಅದು ಪೇಟೆಗಳ ನಡುವಿನ ಒಪ್ಪಂದದಂತೆ ಕಾಣುತ್ತದೆ. ಹಲಗೆ ವಾದ್ಯದ ಮಜಲು ದಿನಗಟ್ಟಲೆ ಮುಂಚೆಯೇ ಆರಂಭವಾಗುತ್ತದೆ. ಕಾಮದಹನವಾದ ಮೇಲೆ ಬಣ್ಣದ ಬಂಡಿಗಳು, ಅಂದರೆ ಬಣ್ಣ ತುಂಬಿದ ಬ್ಯಾರೆಲ್ಲುಗಳನ್ನು ಹೇರಿಕೊಂಡ ಚಕ್ಕಡಿಗಳು, ಇತ್ತೀಚೆಗೆ ಟ್ರ್ಯಾಕ್ಟರುಗಳು, ಸರದಿಯ ಪ್ರಕಾರ ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ಹೋಗುತ್ತವೆ. ಯಾವ ದಿನ ಯಾರ ಬಂಡಿ, ಯಾವ ದಾರಿ, ಯಾರು ಎದುರುಗೊಳ್ಳುತ್ತಾರೆ ಎಂಬುದೆಲ್ಲ ರೂಢಿಯಿಂದ ಬಂದದ್ದು. ವಲ್ಲಭಭಾಯಿ ಚೌಕದಲ್ಲಿ ಬಂಡಿಗಳು ಎದುರುಬದುರಾದಾಗ ಕಾಣುವ ಹುರುಪಿಗೆ ಕಿರಿದಾದ ಓಣಿ, ಮಾಳಿಗೆಯ ಮೇಲೆ ನಿಂತ ಹೆಂಗಸರು ಮಕ್ಕಳು, ಗೋಡೆಯಿಂದ ಗೋಡೆಗೆ ಬಡಿದು ಬರುವ ಹಲಗೆಯ ಸದ್ದು ಇವೆಲ್ಲ ಸೇರಿವೆ. ನವನಗರದಲ್ಲಿ, ವಿದ್ಯಾಗಿರಿಯಲ್ಲಿ ಹೋಳಿ ಆಡುತ್ತಾರೆ, ಸಂತೋಷದಿಂದಲೇ ಆಡುತ್ತಾರೆ. ಆದರೂ ಅಲ್ಲಿಗೆ ಹೋಗಿ ನೆಲೆಸಿದ ಅನೇಕ ಮನೆತನದವರು ಆ ದಿನಗಳಲ್ಲಿ ತಮ್ಮ ಹಳೆಯ ಪೇಟೆಗೆ ಬರುತ್ತಾರೆ, ಏಕೆಂದರೆ ಪೇಟೆಯ ಹೆಸರಿನಲ್ಲಿ ಬಂಡಿ ಹೂಡಲು ಪೇಟೆ ಬೇಕು. ಸೆಕ್ಟರ್ ನಂಬರಿನ ಹೆಸರಿನಲ್ಲಿ ಆ ಹಕ್ಕು ಇನ್ನೂ ಬೆಳೆದಿಲ್ಲ.

ನವನಗರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೇಶದಲ್ಲಿ ಅಣೆಕಟ್ಟೆಗಳಿಂದ ಎದ್ದುಹೋದ ಜನರಲ್ಲಿ ಬಹುತೇಕರಿಗೆ ಸಿಕ್ಕಿದ್ದಕ್ಕಿಂತ ಬಾಗಲಕೋಟೆಯವರಿಗೆ ಸಿಕ್ಕಿದ್ದು ಬಹಳ ಮೇಲು ಎಂಬುದನ್ನು ಒಪ್ಪಲೇಬೇಕು. 1983ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಜನ ಕರೆಯುವಂತೆ ಬಿಟಿಡಿಎ, ಸ್ಥಾಪಿಸಲಾಯಿತು. ದೇಶದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಸುಮಾರು ಒಂದು ಲಕ್ಷ ಜನರಿಗಾಗಿ ಹೊಸ ಊರಿನ ನಕ್ಷೆ ಸಿದ್ಧಪಡಿಸಿದರು. 1997ರಲ್ಲಿ ಬಾಗಲಕೋಟೆ ಹೊಸ ಜಿಲ್ಲೆಯಾದಾಗ ಕಚೇರಿಗಳು ನವನಗರಕ್ಕೆ ಬಂದವು, 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. ಅಗಲವಾದ ರಸ್ತೆ, ಗಟಾರು, ಶಾಲೆ, ಉದ್ಯಾನ, ಆಟದ ಬಯಲು ಇವು ಹಳೆ ಊರಿನಲ್ಲಿ ಎಂದೂ ಇರದ ಸೌಕರ್ಯಗಳು. ಹಳೆ ಓಣಿಯ ಕತ್ತಲ ಕೋಣೆಯಲ್ಲಿ ಹೊಗೆ ಕುಡಿದು ಅಡುಗೆ ಮಾಡಿದ ಹೆಣ್ಣುಮಗಳಿಗೆ, ಓಣಿಯ ಅಂಚಿನಲ್ಲಿ ಜಾತಿಯ ಕಾರಣಕ್ಕಾಗಿ ಇಡಲ್ಪಟ್ಟ ಕುಟುಂಬಕ್ಕೆ, ನವನಗರದ ನಿವೇಶನ ಬಿಡುಗಡೆಯಾಗಿಯೂ ಬಂದಿರುತ್ತದೆ. ಹಳೆ ಪೇಟೆಯನ್ನು ನೆನೆಯುವ ನಮ್ಮಂಥವರು ಇದನ್ನು ಮರೆತರೆ ಮಾತು ಸುಳ್ಳಾಗುತ್ತದೆ.

ನವನಗರದ ಕೊರತೆ ಇರುವುದು ಹಂಚಿಕೆಯ ರೀತಿಯಲ್ಲಿ. ನಿವೇಶನಗಳು ಮನೆಯ ಮಾಲೀಕತ್ವವನ್ನೂ ಕಳೆದುಕೊಂಡ ಜಾಗದ ಅಳತೆಯನ್ನೂ ನೋಡಿ ಒಂದೊಂದು ಕುಟುಂಬಕ್ಕೆ ಬಿಡಿಯಾಗಿ ಸಿಕ್ಕವು. ದೊಡ್ಡ ವಾಡೆಯವರಿಗೆ ದೊಡ್ಡ ನಿವೇಶನ, ಸಣ್ಣ ಮನೆಯವರಿಗೆ ಸಣ್ಣ ನಿವೇಶನ, ಇದರಲ್ಲಿ ನ್ಯಾಯವಿದೆ. ಆದರೆ ಹಳೆ ಓಣಿಯಲ್ಲಿ ದೊಡ್ಡ ವಾಡೆಯ ಮಗ್ಗುಲಲ್ಲಿಯೇ ಸಣ್ಣ ಮನೆ ಇರುತ್ತಿತ್ತು. ಅಳತೆಯ ಪ್ರಕಾರ ಬೇರೆ ಮಾಡಿದಾಗ ದೊಡ್ಡವರೆಲ್ಲ ಒಂದು ಕಡೆ, ಸಣ್ಣವರೆಲ್ಲ ಇನ್ನೊಂದು ಕಡೆ ಸೇರುವುದು ಅನಿವಾರ್ಯ. ಕೆಲಸ ಕೊಡುವವನಿಗೂ ಮಾಡುವವನಿಗೂ ನಡುವೆ ಕಾಲ್ನಡಿಗೆಯ ದೂರವಿದ್ದದ್ದು ಈಗ ಬಸ್ಸಿನ ಅಥವಾ ಬೈಕಿನ ದೂರವಾಗಿದೆ. ಹಳೆ ಊರಿನಿಂದ ಐದಾರು ಕಿಲೋಮೀಟರ್ ಆಚೆ ಹೊಸ ಊರು, ನಡುವೆ ಕಾಲೇಜುಗಳ ವಿದ್ಯಾಗಿರಿ. ಹೀಗೆ 2011ರ ಜನಗಣತಿಯಲ್ಲಿ ಸುಮಾರು 1.1 ಲಕ್ಷ ಜನಸಂಖ್ಯೆಯ ಒಂದು ಊರು ಮೂರು ತುಂಡಾಗಿ ನಿಂತಿದೆ. ಮೂರಕ್ಕೂ ನೀರು, ಬೀದಿದೀಪ, ಬಸ್ಸು ಒದಗಿಸಬೇಕಾದ ಹೊರೆ ಬೇರೆ. ಸಗಟು ವ್ಯಾಪಾರ ಇನ್ನೂ ಬಹಳಷ್ಟು ಹಳೆ ಊರಿನಲ್ಲಿಯೇ ಇದೆ ಎಂಬ ಸಂಗತಿ ಗಮನಿಸುವಂಥದ್ದು: ಜನ ಎದ್ದುಹೋಗಿ ಇಷ್ಟು ವರ್ಷವಾದರೂ ಪೇಟೆ ಅವರ ಹಿಂದೆ ಹೋಗಲಿಲ್ಲ. ಮನೆಯನ್ನು ಆದೇಶದಿಂದ ಎಬ್ಬಿಸಬಹುದು, ಪೇಟೆ ತನ್ನ ಅಕ್ಕಪಕ್ಕದೊಂದಿಗೆ ಮಾತ್ರ ಏಳುತ್ತದೆ.

ಇನ್ನು ಉಳಿದ ಭಾಗದ ಸ್ಥಿತಿ. ಇಲ್ಲಿ ಹಾನಿ ಮಾಡುತ್ತಿರುವುದು ನೀರಲ್ಲ, ನೀರು ಬರುತ್ತದೆ ಎಂಬ ಮಾತು. ಮಾಳಿಗೆ ಸೋರಿದರೆ ಹೊಸದಾಗಿ ಕಟ್ಟಬೇಕೇ, ತಗಡು ಹಾಕಿ ಸುಮ್ಮನಿರಬೇಕೇ? ಮಗನ ಮದುವೆಗೆ ಮುಂಚೆ ಮೇಲೊಂದು ಕೋಣೆ ಎಬ್ಬಿಸಬೇಕೇ, ನವನಗರದಲ್ಲಿ ಬಾಡಿಗೆಗೆ ಹುಡುಕಬೇಕೇ? ಮುಳುಗುವ ಆಸ್ತಿಯನ್ನು ಒತ್ತೆ ಇಟ್ಟುಕೊಂಡು ಸಾಲ ಕೊಡಲು ಯಾರು ಮುಂದೆ ಬರುತ್ತಾರೆ? ಮುಳುಗುವ ಬೀದಿಗೆ ಒಳಚರಂಡಿ ಹಾಕಲು ಯಾವ ಅಧಿಕಾರಿ ಕಡತಕ್ಕೆ ಸಹಿ ಹಾಕುತ್ತಾನೆ? ಪ್ರತಿಯೊಂದು ತೀರ್ಮಾನವೂ ತನ್ನ ಮಟ್ಟಿಗೆ ವಿವೇಕದ್ದೇ, ಎಲ್ಲ ಸೇರಿದಾಗ ಓಣಿ ಮುಳುಗುವ ಮುಂಚೆಯೇ ಕುಸಿಯುತ್ತದೆ. ಸ್ವಾಧೀನವಾಗಿ ಕೆಡವಿದ ಮನೆಗಳ ಜಾಗದಲ್ಲಿ ಜಾಲಿ ಬೆಳೆದಿದೆ. ಅದರ ಮಗ್ಗುಲಲ್ಲಿ ಇನ್ನೂ ಸಂಸಾರ ನಡೆದಿದೆ. ಮಳೆಗಾಲದಲ್ಲಿ ನೀರು ಅಂಚಿಗೆ ಬಂದು ಹಾವು ಚೇಳು ಮನೆಯ ಕಡೆ ಸರಿಯುತ್ತವೆ, ಬೇಸಿಗೆಯಲ್ಲಿ ನೀರು ಇಳಿದು ಕೆಸರಿನ ಬಯಲು ಉಳಿಯುತ್ತದೆ. ಆ ಕೆಸರಿನಂಚಿಗೆ ರಾಜಹಂಸಗಳು ಬಂದು ಇಳಿಯುತ್ತವೆ ಎಂದು ದೂರದ ಊರಿನವರು ನೋಡಲು ಬರುತ್ತಾರೆ, ನೋಡಬೇಕಾದ ನೋಟವೇ ಹೌದು. ದಂಡೆಯಲ್ಲಿ ವರ್ಷವಿಡೀ ಇರುವವರಿಗೆ ಅದೇ ಕೆಸರು ಸೊಳ್ಳೆಯನ್ನೂ ದುರ್ವಾಸನೆಯನ್ನೂ ಕೊಡುತ್ತದೆ.

ಕಡಲ ಕರೆಯ ಊರುಗಳೊಂದಿಗೆ ಒಮ್ಮೆ ಹೋಲಿಸಿ ನೋಡುವುದು ಇಲ್ಲಿ ಉಪಯುಕ್ತ. ಮಂಗಳೂರಿನಲ್ಲಿಯೋ ಕಾರವಾರದಲ್ಲಿಯೋ ನೀರಿನಂಚಿನ ಓಣಿಗೆ ಕಾನೂನಿನಲ್ಲಿ ಒಂದು ಸ್ಥಾನವಿದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ 1991ರಲ್ಲಿ ಮೊದಲು ಬಂದು 2011 ಮತ್ತು 2019ರಲ್ಲಿ ಹೊಸ ರೂಪ ಪಡೆದ ಸಿಆರ್‌ಜೆಡ್, ಉಬ್ಬರದ ಗೆರೆಯಿಂದ ಒಳಗೆ ಎಷ್ಟು ದೂರ ಏನನ್ನು ಕಟ್ಟಬಹುದು, ಮೀನುಗಾರರ ವಸತಿಗೆ ಏನು ರಿಯಾಯಿತಿ ಎಂಬುದನ್ನು ಹೇಳುತ್ತದೆ. ಅದರ ಜಾರಿಯಲ್ಲಿ ಲೋಪಗಳು ಬೇಕಾದಷ್ಟಿವೆ. ಆದರೂ ಅಲ್ಲಿ ನೀರಿನ ಪಕ್ಕ ಬದುಕುವ ಸಮುದಾಯ ಇದೆ, ಅದು ಅಲ್ಲಿಯೇ ಇರಬೇಕಾದದ್ದು ಎಂಬ ಗ್ರಹಿಕೆ ಅಕ್ಷರದಲ್ಲಿ ಇದೆ. ಜಲಾಶಯದ ಹಿನ್ನೀರಿನ ದಂಡೆಗೆ ಈ ಅಧಿಸೂಚನೆ ಅನ್ವಯಿಸುವುದಿಲ್ಲ, ಅದಕ್ಕೆ ಸರಿಸಾಟಿಯಾದ ಬೇರೆ ನಿಯಮವೂ ಬಾಗಲಕೋಟೆಯ ದಂಡೆಗೆ ಇಲ್ಲ. ಇಲ್ಲಿ ಇರುವುದು ಸ್ವಾಧೀನದ ಗೆರೆ ಒಂದೇ: ಗೆರೆಯ ಕೆಳಗಿನವನು ಸಂತ್ರಸ್ತ, ಮೇಲಿನವನು ಮಾಮೂಲಿ ನಾಗರಿಕ. ಗೆರೆಯ ಹತ್ತು ಮಾರು ಮೇಲಿದ್ದು ಮೂರು ಕಡೆ ನೀರು ಸುತ್ತಿಕೊಂಡ ಮನೆಯವನು ಯಾರು ಎಂಬುದಕ್ಕೆ ಉತ್ತರವಿಲ್ಲ.

ಈಗ 2013ರ ಭೂಸ್ವಾಧೀನ ಕಾಯ್ದೆಗೆ ಬರೋಣ, ಏಕೆಂದರೆ ಮುಂದಿನ ಸ್ವಾಧೀನ ನಡೆಯುವುದು ಇದರ ಅಡಿಯಲ್ಲಿ. 2014ರ ಜನವರಿ 1ರಿಂದ ಜಾರಿಗೆ ಬಂದ ಈ ಕಾಯ್ದೆ 1894ರ ಹಳೆಯ ಕಾಯ್ದೆಗಿಂತ ಎಷ್ಟೋ ಮಾನವೀಯ. ಹಳೆಯದರಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಶೇ 30ರಷ್ಟು ಸಾಂತ್ವನ ಧನ ಇತ್ತು, ಹೊಸದರಲ್ಲಿ ಶೇ 100. ಬಾಡಿಗೆದಾರ ಮತ್ತು ಕುಶಲಕರ್ಮಿಯನ್ನೂ, ನಗರಪ್ರದೇಶದಲ್ಲಿ ಮೂರು ವರ್ಷಗಳಿಂದ ವಾಸವಿದ್ದ ಕುಟುಂಬವನ್ನೂ ಅದು ಬಾಧಿತರೆಂದು ಗುರುತಿಸುತ್ತದೆ. ನಗರದಲ್ಲಿ ಮನೆ ಕಳೆದುಕೊಂಡವರಿಗೆ ಕನಿಷ್ಠ 50 ಚದರ ಮೀಟರ್ ತಳವಿಸ್ತೀರ್ಣದ ಮನೆ ಕೊಡಬೇಕು ಎನ್ನುತ್ತದೆ. ಇವೆಲ್ಲ ಗಟ್ಟಿಯಾದ ಹಕ್ಕುಗಳು.

ಆದರೆ ಹಳೆ ಬಾಗಲಕೋಟೆಯಂಥ ಜಾಗಕ್ಕೆ ಈ ಕಾಯ್ದೆಯನ್ನು ಹಚ್ಚಿದಾಗ ಮೂರು ಕಡೆ ಅದು ಕೈಕೊಡುತ್ತದೆ. ಮೊದಲನೆಯದು ಬೆಲೆ. ಗ್ರಾಮಾಂತರದಲ್ಲಿ ಮಾರುಕಟ್ಟೆ ಬೆಲೆಯನ್ನು ಎರಡು ಪಟ್ಟಿನವರೆಗೆ ಗುಣಿಸಲು ಅವಕಾಶವಿದೆ, ನಗರದಲ್ಲಿ ಗುಣಕ ಒಂದೇ ಒಂದು. ಆ ಮಾರುಕಟ್ಟೆ ಬೆಲೆಯನ್ನು ಹುಡುಕುವುದು ಸರ್ಕಾರಿ ಮಾರ್ಗಸೂಚಿ ದರದಿಂದ ಅಥವಾ ಹಿಂದಿನ ಮೂರು ವರ್ಷಗಳಲ್ಲಿ ಹತ್ತಿರದಲ್ಲಿ ನೋಂದಣಿಯಾದ ಮಾರಾಟಗಳಿಂದ. ಮುಳುಗಡೆಯ ನೆರಳು ಬಿದ್ದ ಓಣಿಯಲ್ಲಿ ಕೊಳ್ಳುವವರು ಯಾರು? ನಡೆದ ಕೆಲವೇ ಮಾರಾಟಗಳು ಕಷ್ಟಕ್ಕೆ ಸಿಕ್ಕಿ ಮಾರಿದವರದು. ಯೋಜನೆಯಿಂದಲೇ ಕುಸಿದ ಬೆಲೆಯನ್ನು ಯೋಜನೆಯ ಪರಿಹಾರಕ್ಕೆ ಅಳತೆಗೋಲು ಮಾಡುವುದು ಎಂಥ ನ್ಯಾಯ? ವಾಸ್ತವಕ್ಕೆ ಹೊಂದದ ಮಾರಾಟಗಳನ್ನು ಬಿಟ್ಟುಬಿಡುವ ಅಧಿಕಾರ ಜಿಲ್ಲಾಧಿಕಾರಿಗೆ ಇದೇ ಕಾಯ್ದೆಯಲ್ಲಿದೆ. ಹಳೆ ಊರಿನ ಮಟ್ಟಿಗೆ ಅದನ್ನು ಬಳಸಲೇಬೇಕು, ಮುಳುಗಡೆಯ ಅಂಜಿಕೆ ಇಲ್ಲದ ವಾಣಿಜ್ಯ ಬೀದಿಯ ಬೆಲೆಯನ್ನು ಆಧಾರವಾಗಿ ಹಿಡಿಯಬೇಕು. ಎಕರೆಗೆ ವಿಶೇಷ ದರ ಗೊತ್ತುಮಾಡಿದ ಸಂಪುಟಕ್ಕೆ ಪೇಟೆಯ ಕಟ್ಟಡಗಳಿಗೂ ಒಪ್ಪಿಗೆಯ ದರ ಗೊತ್ತುಮಾಡುವುದು ಅಸಾಧ್ಯವೇನಲ್ಲ.

ಎರಡನೆಯದು ದುಡಿಮೆ. ಸಣ್ಣ ವ್ಯಾಪಾರಿಗೂ ಕುಶಲಕರ್ಮಿಗೂ ಕಾಯ್ದೆಯ ಅನುಸೂಚಿ ಹೇಳುವ ಒಂದು ಬಾರಿಯ ನೆರವು ಕನಿಷ್ಠ 25,000 ರೂಪಾಯಿ. ಮೂರು ತಲೆಮಾರಿನ ಉದ್ರಿ ಖಾತೆಯ ಮೇಲೆ ನಿಂತ ಅಂಗಡಿಗೆ ಆ ಹಣ ಹೊಸ ಜಾಗದಲ್ಲಿ ಕಪಾಟು ಮಾಡಿಸುವುದಕ್ಕೂ ಸಾಲದು. ಹೊಸ ವಸತಿಯಲ್ಲಿ ಇರಬೇಕಾದ ಸೌಕರ್ಯಗಳ ಪಟ್ಟಿಯಲ್ಲಿ ರಸ್ತೆ, ನೀರು, ಶಾಲೆ, ಪೂಜಾಸ್ಥಳ, ಸ್ಮಶಾನ ಎಲ್ಲ ಇವೆ. ಹಳ್ಳಿಯನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ಆ ಪಟ್ಟಿಯಲ್ಲಿ ಒಂದು ಪೇಟೆಯನ್ನು ಪೇಟೆಯಾಗಿಯೇ ಎತ್ತಿ ಇಡುವ ವಿಚಾರವಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಈ ಕಾಯ್ದೆಯ ಹೃದಯಭಾಗವೆಂದರೆ ಸಾಮಾಜಿಕ ಪರಿಣಾಮದ ಅಧ್ಯಯನ; ಮನೆ ಜಮೀನುಗಳ ಆಚೆಗೆ ಜೀವನೋಪಾಯಕ್ಕೆ, ಸಾರ್ವಜನಿಕ ಆಸ್ತಿಗೆ, ಪೂಜಾಸ್ಥಳಗಳಿಗೆ ಏನಾಗುತ್ತದೆ ಎಂಬುದನ್ನು ಜನರ ಮುಂದೆ ಬಹಿರಂಗ ಅಹವಾಲು ಸಭೆ ನಡೆಸಿ ದಾಖಲಿಸುವ ಕ್ರಮ. ಆದರೆ ಪರಿಸರ ಪರಿಣಾಮದ ಅಧ್ಯಯನ ಬೇರೆ ಕಾನೂನಿನಡಿ ಕಡ್ಡಾಯವಾಗಿರುವ ನೀರಾವರಿ ಯೋಜನೆಗಳಿಗೆ ಈ ಸಾಮಾಜಿಕ ಅಧ್ಯಯನ ಬೇಕಿಲ್ಲ ಎಂದು ಆರನೆಯ ಕಲಮಿನ ಒಂದು ಪರಂತುಕ ಹೇಳುತ್ತದೆ. ದೇಶದಲ್ಲಿ ಅತಿ ಹೆಚ್ಚು ಜನರನ್ನು ಎಬ್ಬಿಸುವ ಯೋಜನೆಗಳ ಸಾಲಿನಲ್ಲಿರುವುದೇ ಅಣೆಕಟ್ಟೆಗಳು, ಮತ್ತು ವಿನಾಯಿತಿ ಸಿಕ್ಕಿರುವುದು ಅವಕ್ಕೇ. ಕಾನೂನು ಬೇಡ ಎಂದಿಲ್ಲ, ಕಡ್ಡಾಯವಲ್ಲ ಎಂದಿದೆ, ಅಷ್ಟೆ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಬಾಗಲಕೋಟೆಯ ಐದು ಪೇಟೆಗಳಿಗೆ ಸ್ವಂತ ನಿರ್ಧಾರದಿಂದ ಈ ಅಧ್ಯಯನ ನಡೆಸಬಹುದು, ಅದನ್ನು ತಡೆಯುವ ನಿಯಮ ಯಾವುದೂ ಇಲ್ಲ.

ಕಾಯ್ದೆಯಲ್ಲಿ ಗಡಿಯಾರವೂ ಒಂದಿದೆ. ಪ್ರಾಥಮಿಕ ಅಧಿಸೂಚನೆಯಿಂದ ಹನ್ನೆರಡು ತಿಂಗಳೊಳಗೆ ಘೋಷಣೆ, ಘೋಷಣೆಯಿಂದ ಹನ್ನೆರಡು ತಿಂಗಳೊಳಗೆ ಐತೀರ್ಪು ಆಗಬೇಕು, ಇಲ್ಲದಿದ್ದರೆ ಪ್ರಕ್ರಿಯೆ ಬಿದ್ದುಹೋಗುತ್ತದೆ. ಆದರೆ ಈ ಗಡಿಯಾರ ಓಡಲು ಆರಂಭಿಸುವುದು ಅಧಿಸೂಚನೆಯ ದಿನದಿಂದ. ಅದಕ್ಕೂ ಮುಂಚೆ ಕಾಯುತ್ತ ಕೂತ ಹತ್ತು ಹದಿನೈದು ವರ್ಷಗಳಿಗೆ ಯಾವ ಲೆಕ್ಕವೂ ಇಲ್ಲ, ಬಡ್ಡಿಯೂ ಇಲ್ಲ. ನ್ಯಾಯಮಂಡಳಿಯ ತೀರ್ಪು ರಾಜ್ಯಪತ್ರಕ್ಕೆ ಬರುವ ತನಕ ಜಲಾಶಯದಲ್ಲಿ ನೀರು ಏರುವಂತಿಲ್ಲ ಎಂಬುದು ನಿಜ. ಹಾಗಿದ್ದಮೇಲೆ ಆ ತನಕ ಹಳೆ ಊರಿನಲ್ಲಿ ಒಳಚರಂಡಿ, ರಸ್ತೆ, ಬೀದಿದೀಪ, ಮನೆ ದುರಸ್ತಿಯ ಪರವಾನಿಗೆ ನಿಲ್ಲಿಸಲು ಕಾರಣವೇನು? ಐದು ವರ್ಷ ಬಾಳುವ ರಸ್ತೆಯನ್ನು ಐದು ವರ್ಷ ಬಳಸಬಹುದಾದ ಜಾಗದಲ್ಲಿ ಹಾಕುವುದು ದುಂದುವೆಚ್ಚವಲ್ಲ. ಇಂತಿಷ್ಟು ವರ್ಷ ಮುಳುಗಡೆ ಇಲ್ಲ ಎಂದು ಸರ್ಕಾರ ಲಿಖಿತವಾಗಿ ಹೇಳಿದರೆ ಸಣ್ಣ ವ್ಯಾಪಾರಿಗೆ ಅಷ್ಟು ವರ್ಷದ ಸಾಲ ಪಡೆಯಲು, ಮನೆಯವರಿಗೆ ಮಾಳಿಗೆ ದುರಸ್ತಿ ಮಾಡಿಸಲು ಧೈರ್ಯ ಬರುತ್ತದೆ.

ಮುಳುಗಡೆಯ ದಿನ ಬಂದೇ ಬರುವುದಾದರೆ, ಪುನರ್ವಸತಿಯ ಘಟಕ ಮನೆಯಿಂದ ಓಣಿಗೆ ಬದಲಾಗಬೇಕು. ಒಂದು ಓಣಿಯ ಬಹುಪಾಲು ಮನೆಗಳು ಗೆರೆಯ ಕೆಳಗೆ ಬಂದರೆ ಉಳಿದವರಿಗೂ ಬಾಧಿತರಾಗುವ ಆಯ್ಕೆ ಕೊಡಬೇಕು. ಒಂದು ಬೀದಿಯ ಒಂದು ಮಗ್ಗುಲನ್ನು ಮಾತ್ರ ಎಬ್ಬಿಸಿ ಇನ್ನೊಂದು ಮಗ್ಗುಲನ್ನು ಹಾಳುಬಿದ್ದ ಗೋಡೆಗಳ ಎದುರು ಕೂರಿಸುವುದು ಅನ್ಯಾಯ. ಹೊಸ ವಸತಿಯಲ್ಲಿ ನಿವೇಶನಗಳ ಚೀಟಿ ಎತ್ತುವ ಮುಂಚೆ ಜೊತೆಯಾಗಿ ಇರಬಯಸುವ ಕುಟುಂಬಗಳಿಗೆ ಜೊತೆಯಾಗಿ ಅರ್ಜಿ ಹಾಕಲು ಅವಕಾಶ ಇರಬೇಕು, ನಿವೇಶನದ ಅಳತೆಗಳು ಒಂದೇ ಬೀದಿಯಲ್ಲಿ ಬೆರೆತಿರಬೇಕು. ಅಂಗಡಿ ಮತ್ತು ವಾಸ ಒಂದೇ ಕಟ್ಟಡದಲ್ಲಿ ಇರುವುದನ್ನು ವಲಯ ನಿಯಮಗಳು ಒಪ್ಪಬೇಕು. ನೂಲಿನ ವ್ಯಾಪಾರ, ಕಾಳಿನ ವ್ಯಾಪಾರ, ಸರಾಫರ ಸಾಲು ಇವುಗಳಿಗೆ ಜಾಗ ಮೊದಲು ಸಿದ್ಧವಾಗಿ, ಅವು ನೆಲೆಯೂರಿದ ಮೇಲೆ ಮನೆಗಳು ಏಳಬೇಕು. ಕಳೆದ ಸಲ ಕ್ರಮ ತಿರುಗುಮುರುಗಾಗಿತ್ತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಹಿನ್ನೀರಿನ ನಡುವೆ ಬಾವಿಯಂಥ ಗೋಡೆ ಎಬ್ಬಿಸಿ ಇದೇ ಯೋಜನೆ ಉಳಿಸಿಕೊಟ್ಟಿದೆ. ಅಲ್ಲಿ ನಾಡಿನ ಭಕ್ತಿ ಇತ್ತು, ಎಂಜಿನಿಯರುಗಳು ದಾರಿ ಹುಡುಕಿದರು. ಐದು ಪೇಟೆಗಳಿಗೆ ಹಾಗೆ ಗೋಡೆ ಕಟ್ಟಲು ಬಾರದು, ಆದರೆ ದಾರಿ ಹುಡುಕುವ ಅದೇ ಮನಸ್ಸನ್ನು ಪೇಟೆಯ ಜನ ಕೇಳುವುದು ತಪ್ಪಲ್ಲ.

ಇದಕ್ಕೆಲ್ಲ ಮೊದಲು ಬೇಕಾದದ್ದು ದಾಖಲೆ. ಈಗಿನ ಸಮೀಕ್ಷೆಯ ನಮೂನೆ ಮಾಲೀಕನ ಹೆಸರು, ಆಸ್ತಿಯ ಸಂಖ್ಯೆ, ಚದರ ಅಳತೆ, ಗೋಡೆ ಮತ್ತು ಚಾವಣಿಯ ಬಗೆ ಕೇಳುತ್ತದೆ. ಈ ಮನೆಯಲ್ಲಿ ಬಾಡಿಗೆಗೆ ಇರುವವರು ಯಾರು, ಎಷ್ಟು ವರ್ಷದಿಂದ. ಈ ಅಂಗಡಿಗೆ ಸರಕು ಎಲ್ಲಿಂದ ಬರುತ್ತದೆ, ಗಿರಾಕಿ ಯಾವ ಊರಿನವರು. ಇಲ್ಲಿ ದುಡಿಯುವ ಹಮಾಲ, ದರ್ಜಿ, ಮನೆಗೆಲಸದ ಹೆಂಗಸು ಎಲ್ಲಿಂದ ನಡೆದು ಬರುತ್ತಾರೆ. ಈ ಪೇಟೆಯ ಗುಡಿ, ಮಸೀದಿ, ಬಸದಿ, ತಾಲೀಮು, ಕಾಮದಹನದ ಜಾಗ ಎಲ್ಲಿವೆ ಎಂಬ ಕಾಲಮುಗಳನ್ನು ಅದಕ್ಕೆ ಸೇರಿಸಬೇಕು. ಇದಕ್ಕೆ ಸುಪ್ರೀಂ ಕೋರ್ಟಿನ ಆದೇಶ ಬೇಕಿಲ್ಲ, ಮಹಾರಾಷ್ಟ್ರದ ಒಪ್ಪಿಗೆ ಬೇಕಿಲ್ಲ, ಸಾವಿರಾರು ಕೋಟಿಯೂ ಬೇಕಿಲ್ಲ. ಊರಿನಲ್ಲಿಯೇ 1906ರಿಂದ ನಡೆದುಬಂದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳಿವೆ, ಎಂಜಿನಿಯರಿಂಗ್ ಮತ್ತು ಸಮಾಜಶಾಸ್ತ್ರ ಓದುವ ವಿದ್ಯಾರ್ಥಿಗಳಿದ್ದಾರೆ, ಪೇಟೆಯ ಹಿರಿಯರಲ್ಲಿ ಯಾವ ಮನೆ ಯಾರದಿತ್ತು ಎಂದು ಸಾಲಾಗಿ ಹೇಳಬಲ್ಲವರು ಇನ್ನೂ ಇದ್ದಾರೆ. ಬಿಟಿಡಿಎ ಮತ್ತು ನಗರಸಭೆ ಸೇರಿ ಹಿನ್ನೀರು ಇಳಿದ ಬೇಸಿಗೆಯಲ್ಲಿ, ಹೋಳಿಗೆ ಎಲ್ಲರೂ ಪೇಟೆಗೆ ಬಂದಿರುವ ವಾರದಲ್ಲಿಯೇ, ಈ ಗಣತಿಯನ್ನು ಕಿಲ್ಲಾದಿಂದ ಆರಂಭಿಸಬಹುದು.